ಗಾಜಿನ ಬಳೆ, ಗಾಜಿನ ಹೂದಾನಿ

ಪ್ರಾಚೀನ ವಸ್ತುಗಳ ಸಂಗ್ರಾಹಕರಲ್ಲಿ ಬಣ್ಣದ ಗಾಜಿನ ಹೂದಾನಿಗೆ ಇರುವ ಮನ್ನಣೆ ಬಹು ದೊಡ್ಡದು. ಒಂದು ಗೇಣು ಎತ್ತರದ ಪಾತ್ರೆ. ನೀರು ತುಂಬಿ ನಾಲ್ಕು ಹೂಗಳನ್ನು ನಿಲ್ಲಿಸುವುದರ ಹೊರತು ಅದಕ್ಕೆ ಬೇರೆ ಕೆಲಸವಿಲ್ಲ. ಕೈ ಜಾರಿದರೆ ಒಂದು ಕ್ಷಣದಲ್ಲಿ ಚೂರು ಚೂರು. ಆದರೂ ಅದರ ಬುಡದಲ್ಲಿ ಒಬ್ಬ ಹೆಸರಾಂತ ಕುಶಲಿಯ ಅಂಕಿತವಿದ್ದರೆ ಧನಿಕರು ಪೈಪೋಟಿಯಿಂದ ಬೆಲೆ ಏರಿಸುತ್ತಾರೆ. ಅದೇ ಉಸುಕು, ಅದೇ ಕ್ಷಾರ, ಅದೇ ಬಣ್ಣಗಳಿಂದ ಆದ ಗಾಜಿನ ಬಳೆಯಾದರೋ ನಮ್ಮ ಸಂತೆಗಳಲ್ಲಿ ಡಜನ್ನಿನ ಲೆಕ್ಕದಲ್ಲಿ ಮಾರಿಹೋಗುತ್ತದೆ. ಒಡೆದ ಮೇಲೆ ಅದರ ಚೂರುಗಳನ್ನು ಗುಡಿಸಿ ತಿಪ್ಪೆಗೆ ಚೆಲ್ಲುತ್ತೇವೆ.

ಈ ಎರಡೂ ವಸ್ತುಗಳು ಒಂದೇ ಕುಲುಮೆಯ ಮಕ್ಕಳು. ಒಂದು ಅರಮನೆ ಸೇರಿತು, ಇನ್ನೊಂದು ಮನೆ ಮನೆಯ ಮುಂಗೈ ಸೇರಿತು. ನಮ್ಮ ನಾಡಿನ ಗಾಜಿನ ಕೆಲಸಗಾರರಿಗೆ ಬಣ್ಣಗಳ ಅರಿವು ಎರಡು ಸಾವಿರ ವರ್ಷಗಳಿಂದ ಇದ್ದರೂ ಅವರು ಹೂದಾನಿಯನ್ನು ಏಕೆ ಮಾಡಲಿಲ್ಲ? ಯುರೋಪಿನ ಹೂದಾನಿ ನಮ್ಮ ದಖ್ಖನಕ್ಕೆ ಯಾವ ದಾರಿಯಿಂದ ಬಂದಿತು? ಬಂದಾಗ ನಮ್ಮ ಬಳೆಯ ಗತಿ ಏನಾಯಿತು? ಈ ಪ್ರಶ್ನೆಗಳನ್ನು ವಿಚಾರಿಸುವುದೇ ಪ್ರಸ್ತುತ ಲೇಖನದ ಉದ್ದೇಶ. ಹೋಟಗಿ, ಅಕ್ಕಲಕೋಟೆ, ಸೊಲ್ಲಾಪುರಗಳ ವಾಚಕರಿಗೆ ಇದು ದೂರದ ವಿಷಯವಲ್ಲವೆಂಬುದು ಮುಂದೆ ತಾನಾಗಿಯೇ ವಿಶದವಾಗುವುದು.

ಮೊದಲು ಗಾಜೆಂದರೆ ಏನೆಂಬುದನ್ನು ನೋಡೋಣ. ಶುದ್ಧವಾದ ಉಸುಕನ್ನಾಗಲಿ ಬೆಣಚುಕಲ್ಲಿನ ಪುಡಿಯನ್ನಾಗಲಿ ಬರಿಯ ಬೆಂಕಿಯಿಂದ ಕರಗಿಸುವುದು ಬಲು ಕಷ್ಟ. ಅದಕ್ಕೆ ಸೋಡಾ ಮುಂತಾದ ಕ್ಷಾರವನ್ನು ಬೆರೆಸಿದರೆ ಕಡಿಮೆ ಉರಿಯಲ್ಲಿಯೇ ಪಾಕವಾಗುತ್ತದೆ. ಆದರೆ ಕ್ಷಾರದ ಗಾಜು ನೀರಿನಲ್ಲಿ ಸವೆಯುತ್ತದೆ. ಆದಕಾರಣ ಅದನ್ನು ಗಟ್ಟಿಗೊಳಿಸಲು ಸುಣ್ಣದ ಅಂಶವೂ ಬೇಕು. ಈ ಮೂರು ಕೂಡಿದ ಪಾಕವು ಆರುವಾಗ ಸಕ್ಕರೆಯಂತೆ ಹರಳುಗಟ್ಟದೆ ಬೆಲ್ಲದ ಪಾಕದಂತೆ ಎಳೆಗೂಡುತ್ತ ಗಟ್ಟಿಯಾಗುತ್ತದೆ. ಹಾಗೆ ಎಳೆಯಾಗುವ ಈ ಗುಣವೇ ಗಾಜಿನ ಕಲೆಗೆಲ್ಲ ಮೂಲ. ಬಣ್ಣ ಬರುವುದು ಲೋಹಗಳಿಂದ. ತಾಮ್ರದಿಂದ ಹಸಿರು ಮತ್ತು ನವಿಲುನೀಲಿ, ಕೋಬಾಲ್ಟದಿಂದ ಕಡುನೀಲಿ, ಕಬ್ಬಿಣದಿಂದ ಶೀಸೆಯ ಹಸಿರು, ಮ್ಯಾಂಗನೀಸಿನಿಂದ ನೇರಳೆ, ತವರದಿಂದ ಹಾಲಿನ ಬಿಳುಪು. ಬಂಗಾರದ ಅತಿ ಸೂಕ್ಷ್ಮ ಕಣಗಳು ಪಾಕದಲ್ಲಿ ಹರಡಿದರೆ ಮಾಣಿಕ್ಯದ ಕೆಂಪು. ರೇಲ್ವೆ ಗಾರ್ಡನ ಹಳೆಯ ಕೈದೀಪದಲ್ಲಿ ಕೆಂಪು ಮತ್ತು ಹಸಿರು ಗಾಜುಗಳನ್ನು ಕಂಡ ಹೋಟಗಿಯ ಹುಡುಗನು ಈ ಲೋಹಗಳ ಆಟವನ್ನೇ ಕಂಡಿದ್ದಾನೆ.

ಇನ್ನು ಚರಿತ್ರೆಯ ಮಾತು. ಸೊಲ್ಲಾಪುರದಿಂದ ಉತ್ತರಕ್ಕೆ, ಹಿಂದೆ ಉಸ್ಮಾನಾಬಾದ ಎನಿಸಿಕೊಂಡಿದ್ದ ಇಂದಿನ ಧಾರಾಶಿವ ಜಿಲ್ಲೆಯಲ್ಲಿ, ತೇರಣಾ ನದಿಯ ದಂಡೆಯ ಮೇಲೆ ತೇರ ಎಂಬ ಊರಿದೆ. ಇದೇ ಪ್ರಾಚೀನ ತಗರ. ಶಿಲಾಹಾರ ಅರಸರು ತಮ್ಮ ಶಾಸನಗಳಲ್ಲಿ 'ತಗರಪುರವರಾಧೀಶ್ವರ'ರೆಂದು ಕರೆದುಕೊಂಡದ್ದು ಈ ಊರನ್ನು ನೆನೆದೇ ಎಂಬುದು ಕನ್ನಡ ಶಾಸನಗಳ ಅಭ್ಯಾಸಿಗಳಿಗೆ ಸುವಿದಿತ. ಕ್ರಿಸ್ತಶಕ ಒಂದನೆಯ ಶತಮಾನದಲ್ಲಿ ಗ್ರೀಕ ಭಾಷೆಯ ಒಬ್ಬ ಅನಾಮಧೇಯ ನಾವಿಕನು ಬರೆದಿಟ್ಟ 'ಎರಿಥ್ರಿಯನ್ ಸಮುದ್ರದ ಪೆರಿಪ್ಲಸ್' ಎಂಬ ಗ್ರಂಥದಲ್ಲಿಯೂ ತಗರದ ಹೆಸರು ಬಂದಿದೆ. ಭರುಕಚ್ಛ ಬಂದರದಿಂದ ದಕ್ಷಿಣಕ್ಕೆ ೨೦ ದಿನಗಳ ಪಯಣದಲ್ಲಿ ಪೈಠಣ, ಅಲ್ಲಿಂದ ಪೂರ್ವಕ್ಕೆ ೧೦ ದಿನಗಳ ಪಯಣದಲ್ಲಿ ತಗರ. ಅಲ್ಲಿಂದ ಅರಿವೆಗಳು ಬಂಡಿಗಳ ಮೇಲೆ ಬಂದರಕ್ಕೆ ಇಳಿಯುತ್ತಿದ್ದವು ಎಂದು ಅವನು ಹೇಳುತ್ತಾನೆ. ಅದೇ ಗ್ರಂಥದಲ್ಲಿ ಪಶ್ಚಿಮದಿಂದ ಭರುಕಚ್ಛಕ್ಕೆ ಬರುತ್ತಿದ್ದ ಸರಕುಗಳ ಪಟ್ಟಿಯಿದೆ. ಅದರಲ್ಲಿ ಹಸಿ ಗಾಜು, ಎಂದರೆ ಇನ್ನೂ ಪಾತ್ರೆಯಾಗದ ಗಾಜಿನ ಗಟ್ಟಿಯೂ ಇದೆ.

ಈ ಒಂದು ಶಬ್ದ ನಮಗೆ ಬಹಳ ತಿಳಿಸುತ್ತದೆ. ಗಾಜಿನ ಗಟ್ಟಿಯನ್ನು ಕೊಳ್ಳುವವರಿದ್ದರು ಎಂದ ಮೇಲೆ ಅದನ್ನು ಕರಗಿಸಿ ವಸ್ತು ಮಾಡುವವರೂ ಇಲ್ಲಿ ಇದ್ದಿರಲೇಬೇಕು. ೧೯೫೮ ರ ಉತ್ಖನನದಲ್ಲಿಯೂ ಮುಂದಿನ ಶೋಧಗಳಲ್ಲಿಯೂ ತೇರದ ದಿಬ್ಬಗಳಿಂದ ಸಾತವಾಹನ ಕಾಲದ ವಸ್ತುಗಳು ಹೇರಳವಾಗಿ ದೊರೆತಿವೆ. ಅವುಗಳಲ್ಲಿ ಬಣ್ಣ ಬಣ್ಣದ ಗಾಜಿನ ಮಣಿಗಳೂ ಇವೆ. ಅದೇ ಒಂದನೆಯ ಶತಮಾನದ ರೋಮನ್ ಪಂಡಿತ ಪ್ಲಿನಿಯು ಭಾರತದವರು ಸ್ಫಟಿಕದ ಚೂರುಗಳಿಂದ ಗಾಜು ಮಾಡುತ್ತಾರೆ, ಆದುದರಿಂದ ಅದಕ್ಕೆ ಸಾಟಿಯಿಲ್ಲ ಎಂದು ಬರೆದಿದ್ದಾನೆ. ಅವನ ಮಾತಿನಲ್ಲಿ ಕೇಳಿಕೆಯ ಅಂಶ ಎಷ್ಟೇ ಇರಲಿ, ನಮ್ಮ ಗಾಜಿನ ಕೀರ್ತಿ ರೋಮಿನವರೆಗೆ ಮುಟ್ಟಿತ್ತೆಂಬುದಂತೂ ಅದರಿಂದ ಸ್ಪಷ್ಟ.

ಆ ಕಾಲಕ್ಕೆ ಪಶ್ಚಿಮದಲ್ಲಿ ಒಂದು ಮಹತ್ವದ ಮಾರ್ಪಾಡು ಆಗಿತ್ತು. ಕ್ರಿಸ್ತಪೂರ್ವ ಒಂದನೆಯ ಶತಮಾನದಲ್ಲಿ ಸಿರಿಯಾ, ಪ್ಯಾಲೆಸ್ಟೈನಗಳ ಕಡಲತೀರದಲ್ಲಿ ಗಾಜನ್ನು ಊದುವ ವಿದ್ಯೆ ಹುಟ್ಟಿತು. ಟೊಳ್ಳಾದ ಕೊಳವೆಯ ತುದಿಗೆ ಪಾಕದ ಉಂಡೆಯನ್ನು ಅಂಟಿಸಿ, ಇನ್ನೊಂದು ತುದಿಯಿಂದ ಉಸಿರು ತುಂಬಿದರೆ ಉಂಡೆಯು ಗುಳ್ಳೆಯಾಗುತ್ತದೆ. ಆ ಗುಳ್ಳೆಯೇ ಪಾತ್ರೆಯ ಹೊಟ್ಟೆ. ಅದಕ್ಕೂ ಮುನ್ನ ಒಂದು ಪಾತ್ರೆಗೆ ಹಿಡಿಯುತ್ತಿದ್ದ ಕಾಲದಲ್ಲಿ ಅನೇಕ ಪಾತ್ರೆಗಳು ಸಿದ್ಧವಾಗತೊಡಗಿದವು. ಈ ವಿದ್ಯೆಯ ಪರಮಾವಧಿಯಂತಿರುವ ಒಂದು ಹೂಜಿ ಇಂದಿಗೂ ಲಂಡನ್ನಿನ ಬ್ರಿಟಿಷ್ ಮ್ಯೂಜಿಯಮ್ಮಿನಲ್ಲಿದೆ. ಪೋರ್ಟಲ್ಯಾಂಡ್ ಹೂದಾನಿ ಎಂದು ಅದಕ್ಕೆ ಹೆಸರು. ಕ್ರಿಸ್ತಶಕ ಒಂದನೆಯ ಶತಮಾನದ ಆರಂಭದ ಈ ಪಾತ್ರೆಯಲ್ಲಿ ಕಡುನೀಲಿ ಗಾಜಿನ ಮೇಲೆ ಬಿಳಿ ಗಾಜಿನ ಹೊದಿಕೆಯಿದೆ. ಬಿಳಿಯನ್ನು ಕೆತ್ತಿ ತೆಗೆದು, ಉಳಿದ ಭಾಗದಲ್ಲಿ ಮನುಷ್ಯಾಕೃತಿಗಳನ್ನು ಬಿಡಿಸಿದ್ದಾರೆ. ೧೮೪೫ ರಲ್ಲಿ ಒಬ್ಬ ತರುಣನು ಅದನ್ನು ಕೆಡವಿ ನೂರಾರು ಚೂರು ಮಾಡಿದನು. ಆ ಚೂರುಗಳನ್ನು ಯಾರೂ ಗುಡಿಸಿ ಚೆಲ್ಲಲಿಲ್ಲ. ಆಯ್ದು ಕೂಡಿಸಿದರು, ಮುಂದೆ ೧೯೪೮-೪೯ ರಲ್ಲಿಯೂ ೧೯೮೮-೮೯ ರಲ್ಲಿಯೂ ಬಿಚ್ಚಿ ಮತ್ತೆ ಕೂಡಿಸಿದರು. ಚೂರಿನ ಬೆಲೆಯನ್ನು ಅರಿತ ಜನ ಎಂದರೆ ಇವರೇ.

ನಮ್ಮ ಸೀಮೆಯ ಚೂರುಗಳ ಕಥೆಯೂ ಕೇಳತಕ್ಕದ್ದಾಗಿದೆ. ಕೊಲ್ಹಾಪುರದಲ್ಲಿ ಪಂಚಗಂಗೆಯ ದಂಡೆಯ ಮೇಲೆ ಬ್ರಹ್ಮಪುರಿ ಎಂಬ ದಿಬ್ಬವಿದೆ. ೧೯೪೪-೪೫ ರಲ್ಲಿ ಅಲ್ಲಿ ಸಮುದ್ರದೇವತೆ ಪೊಸೈಡನ್ನನ ಕಂಚಿನ ಪುಟ್ಟ ಮೂರ್ತಿಯೂ ರೋಮನ್ ಕಂಚಿನ ಇತರ ವಸ್ತುಗಳೂ ದೊರೆತವು. ಇವನ್ನು ಬೆಳಕಿಗೆ ತಂದವರಲ್ಲಿ ಪ್ರಮುಖರು ರಾಜಾರಾಮ ಕಾಲೇಜಿನ ಕನ್ನಡದ ಪ್ರಾಧ್ಯಾಪಕರಾಗಿದ್ದ ಕೆ. ಜಿ. ಕುಂದಣಗಾರರು, ೧೯೬೧ ರ ಗದಗ ಸಾಹಿತ್ಯ ಸಮ್ಮೇಲನದ ಅಧ್ಯಕ್ಷಪದವಿಯನ್ನು ಅಲಂಕರಿಸಿದವರೂ ಅವರೇ. ಕನ್ನಡ ಕಲಿಸುವ ಗುರುಗಳೊಬ್ಬರು ಮಣ್ಣನ್ನೂ ಓದಬಲ್ಲರು ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ. ೧೯೪೫-೪೬ ರಲ್ಲಿ ಡೆಕ್ಕನ್ ಕಾಲೇಜಿನ ಪರವಾಗಿ ಎಚ್. ಡಿ. ಸಾಂಕಳಿಯಾ ಮತ್ತು ಎಂ. ಜಿ. ದೀಕ್ಷಿತರು ಅದೇ ದಿಬ್ಬವನ್ನು ಕ್ರಮಬದ್ಧವಾಗಿ ಅಗೆಯಿಸಿದರು. ಅಲ್ಲಿಯ ಬಹಮನಿ ಕಾಲದ ಪದರಿನಲ್ಲಿ ಗಾಜಿನ ಬಳೆಗಳ ಚೂರುಗಳು ರಾಶಿಯಾಗಿ ಸಿಕ್ಕವು. ಒಂದೇ ಬಣ್ಣದವು ಕೆಲವು. ಒಂದು ಬಣ್ಣದ ಮೈಮೇಲೆ ಇನ್ನೊಂದು ಬಣ್ಣದ ಎಳೆ, ಚುಕ್ಕೆ, ಪಟ್ಟಿಗಳನ್ನು ಕೂಡಿಸಿದವು ಕೆಲವು. ದೀಕ್ಷಿತರು ಮುಂದೆ ಭಾರತೀಯ ಗಾಜಿನ ಚರಿತ್ರೆಯನ್ನೇ ಒಂದು ಗ್ರಂಥವಾಗಿ ಬರೆದರು. ಅದು ೧೯೬೯ ರಲ್ಲಿ ಮುಂಬಯಿ ವಿಶ್ವವಿದ್ಯಾಲಯದಿಂದ ಪ್ರಕಟವಾಯಿತು. ಬಣ್ಣದ ಮೇಲೆ ಬಣ್ಣ ಕೂಡಿಸುವ ಕೈಚಳಕ ದಖ್ಖನದ ಕೆಲಸಗಾರರಿಗೆ ಕರಗತವಾಗಿತ್ತು ಎಂಬುದಕ್ಕೆ ಈ ಬಳೆಚೂರುಗಳೇ ಸಾಕ್ಷಿ. ಯುರೋಪಿನ ಹೂದಾನಿಗಳ ಹಿರಿಮೆಯೂ ಅದೇ ಕೈಚಳಕವಲ್ಲವೆ?

ಈ ವಿದ್ಯೆ ಮೈಸೂರು ಸೀಮೆಯಲ್ಲಿ ಹತ್ತೊಂಬತ್ತನೆಯ ಶತಮಾನದವರೆಗೂ ಜೀವಂತವಾಗಿತ್ತು. ಟಿಪ್ಪುವಿನ ಪತನಾನಂತರ ಕಂಪನಿ ಸರಕಾರದ ಆಜ್ಞೆಯಿಂದ ೧೮೦೦-೦೧ ರಲ್ಲಿ ನಾಡನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ನನು ಚಿತ್ರದುರ್ಗ ಸೀಮೆಯ ಮತ್ತೋಡಿನಲ್ಲಿ ಬಳೆ ಮಾಡುವ ಕುಲುಮೆಗಳನ್ನು ಕಂಡು ವಿಸ್ತಾರವಾಗಿ ಬರೆದಿದ್ದಾನೆ. ಇಂದು ಹೊಸದುರ್ಗ ತಾಲೂಕಿಗೆ ಸೇರಿದ ಊರು ಅದು. ಸೌಳುಮಣ್ಣಿನಿಂದ ತೆಗೆದ ಕ್ಷಾರ, ಬೆಣಚುಕಲ್ಲಿನ ಪುಡಿ ಇವೆರಡನ್ನೂ ಮೂಸೆಗಳಲ್ಲಿ ತುಂಬಿ ಗುಮ್ಮಟದ ಆಕಾರದ ಕುಲುಮೆಯಲ್ಲಿ ಹಲವು ದಿನ ಕಾಸುತ್ತಿದ್ದರು. ಹಸಿರಿಗೆ ಸುಟ್ಟ ತಾಮ್ರವನ್ನು ಬೆರೆಸುತ್ತಿದ್ದರು. ಕಪ್ಪು, ಹಸಿರು, ಕೆಂಪು, ನೀಲಿ, ಹಳದಿ ಎಂಬ ಐದು ಬಣ್ಣದ ಬಳೆಗಳು ಅಲ್ಲಿ ಆಗುತ್ತಿದ್ದವು. ಬೇಕಾದ ಸಾಮಗ್ರಿಯಲ್ಲಿ ಹೆಚ್ಚಿನದು ಊರ ಸುತ್ತಲಿನ ನೆಲದಲ್ಲಿಯೇ ದೊರೆಯುತ್ತಿತ್ತು. ಸೌಳುಮಣ್ಣು ಬೆಳೆಗೆ ಶತ್ರುವೆಂದು ನಾವು ಬಲ್ಲೆವು. ಮತ್ತೋಡಿನವರು ಅದರಿಂದಲೇ ಮುಂಗೈಯ ಸೌಭಾಗ್ಯವನ್ನು ತೆಗೆದರು.

ಇಷ್ಟೆಲ್ಲ ಇದ್ದೂ ಹೂದಾನಿ ಏಕೆ ಆಗಲಿಲ್ಲ? ಕೆಲಸಗಾರರ ಅರಿವು ಕಡಿಮೆಯಾಯಿತೆಂದು ಹೇಳಿ ಮುಗಿಸುವುದು ಸುಲಭ. ಆದರೆ ಅದು ಪೂರ್ಣ ಉತ್ತರವಲ್ಲ. ನನಗೆ ತೋರುವ ಕಾರಣಗಳು ಮೂರು.

ಮೊದಲನೆಯದು ಕುಲುಮೆಗೆ ಸಂಬಂಧಿಸಿದ್ದು. ಬಳೆ ತೆಳುವಾದ ವಸ್ತು. ಬೇಗ ಆರುತ್ತದೆ, ಆರಿದರೂ ಸಾಮಾನ್ಯವಾಗಿ ಸೀಳುವುದಿಲ್ಲ. ದಪ್ಪ ಬುಡ, ಅಗಲ ಹೊಟ್ಟೆ, ಸಣ್ಣ ಕೊರಳಿನ ಪಾತ್ರೆಯಾದರೆ ಒಂದು ಭಾಗ ಮುಂಚೆ, ಇನ್ನೊಂದು ಭಾಗ ಹಿಂದೆ ಆರಿ ಒಳಗೇ ಬಿಗಿತವುಂಟಾಗಿ ತಾನಾಗಿಯೇ ಬಿರಿಯುತ್ತದೆ. ಅದನ್ನು ತಡೆಯಲು ಬೇರೊಂದು ಒಲೆಯಲ್ಲಿಟ್ಟು ತಾಸುಗಟ್ಟಲೆ ಮೆಲ್ಲಮೆಲ್ಲನೆ ಆರಿಸಬೇಕು. ಅದಕ್ಕೆ ಬೇಕಾಗುವ ಕಟ್ಟಿಗೆ, ಬಂಡವಾಳಗಳು ಹಳ್ಳಿಯ ಬಳೆಗಾರನಿಗೆ ಎಲ್ಲಿಯವು?

ಎರಡನೆಯದು ನಮ್ಮ ಪಾತ್ರೆಯ ಆಚಾರ. ತಾಮ್ರ, ಹಿತ್ತಾಳೆ, ಕಂಚುಗಳನ್ನು ಹುಣಿಸೆಹಣ್ಣು, ಬೂದಿಗಳಿಂದ ತಿಕ್ಕಿ ಬೆಳಗಿ ಮಡಿ ಮಾಡಬಹುದು. ಸೀಳಿದರೆ ಕಂಚುಗಾರನಿಗೆ ಕೊಟ್ಟು ಮರಳಿ ಎರಕ ಹೊಯ್ಯಿಸಬಹುದು. ಒಡೆದ ಗಾಜಿಗೆ ಮನೆಯಲ್ಲಿ ಮರುಜನ್ಮವಿಲ್ಲ. ಬದುಕನ್ನು ಹಿಡಿತದಲ್ಲಿ ನಡೆಸುವ ಗೃಹಿಣಿಯು ಲೋಹವನ್ನು ಆಯ್ದುಕೊಂಡದ್ದು ವಿವೇಕವೇ ಹೊರತು ಅಜ್ಞಾನವಲ್ಲ. ಶೋಭೆಯ ಪಾತ್ರೆ ಬೇಕಾದವರಿಗೆ ಬೀದರದ ಬಿದ್ರಿ ಇತ್ತು. ಕರಿಯ ಮೈಮೇಲೆ ಬೆಳ್ಳಿಯ ಬಳ್ಳಿಯನ್ನು ಕೂಡಿಸಿದ ಸುರಾಹಿ, ಹುಕ್ಕಾಬುಡ, ಹೂದಾನಿಗಳು ಅಲ್ಲಿ ಆಗುತ್ತಿದ್ದವು, ಇಂದಿಗೂ ಆಗುತ್ತಿವೆ. ಅವು ಬಿದ್ದರೆ ಒಡೆಯುವುದಿಲ್ಲ.

ಮೂರನೆಯದು ಹೂವಿನ ಬಗೆಗಿನ ನಮ್ಮ ಭಾವನೆ. ನಮ್ಮಲ್ಲಿ ಹೂ ಮುಡಿಗೆ, ಹೂ ದೇವರಿಗೆ, ಹೂ ಬಾಗಿಲ ತೋರಣಕ್ಕೆ. ಮಲ್ಲಿಗೆ, ಸೇವಂತಿಗೆ, ಚೆಂಡುಹೂಗಳನ್ನು ಬಿಡಿಯಾಗಿ ಕೊಯ್ದು ಕಟ್ಟುತ್ತೇವೆ, ಉದ್ದ ಕಾಂಡದೊಡನೆ ಕತ್ತರಿಸಿ ಮೇಜಿನ ಮೇಲೆ ನೀರಿನಲ್ಲಿ ನಿಲ್ಲಿಸುವ ವಾಡಿಕೆ ಇರಲಿಲ್ಲ, ಮೇಜೇ ಇರಲಿಲ್ಲ. ಪೂರ್ಣಕುಂಭದಿಂದ ತಾವರೆ ಉಕ್ಕುವ ಶಿಲ್ಪಗಳು ನಮ್ಮ ನಾಡಿನ ಗುಡಿಗಳಲ್ಲಿ ಇವೆಯಲ್ಲ ಎಂದು ಯಾರಾದರೂ ಕೇಳಬಹುದು. ನಿಜ, ಆದರೆ ಕಲಶವು ಪೂಜೆಯ ವಸ್ತು, ಮಂಗಲದ ಸಂಕೇತ. ಅದು ಮಣ್ಣಿನದೋ ಲೋಹದ್ದೋ ಆಗಿರುತ್ತಿತ್ತು. ನೋಡಿ ಆನಂದಪಡುವುದಕ್ಕೆಂದೇ ಹೂವನ್ನು ಪಾತ್ರೆಯಲ್ಲಿಡುವ ಅಭಿರುಚಿ ಬೇರೆ.

ಆ ಬೇರೆ ಅಭಿರುಚಿ ದಖ್ಖನಕ್ಕೆ ಬಂದದ್ದು ಸುಲ್ತಾನರ ಆಸ್ಥಾನಗಳ ಮೂಲಕ. ಹೋಟಗಿಯಿಂದ ದಕ್ಷಿಣಕ್ಕೆ ಹೊರಟ ರೈಲು ಮುಟ್ಟುವ ಬಿಜಾಪುರವನ್ನೇ ನೋಡಿರಿ. ಹದಿನೇಳನೆಯ ಶತಮಾನದಲ್ಲಿ ಮಹಮ್ಮದ ಆದಿಲಶಹನ ಕಾಲದ ಆಸಾರ ಮಹಲಿನ ಮೇಲಂತಸ್ತಿನ ಗೋಡೆಗಳ ಮೇಲೆ ಹೂದಾನಿಗಳನ್ನೂ ಅವುಗಳಿಂದ ಹೊಮ್ಮುವ ಹೂಗಿಡಗಳನ್ನೂ ವರ್ಣಗಳಲ್ಲಿ ಬಿಡಿಸಿದ್ದಾರೆ. ಪಾರಸಿ ರೀತಿಯ ಅರಮನೆಗಳಲ್ಲಿ ಗೋಡೆಯಲ್ಲಿ ಚಿಕ್ಕ ಚಿಕ್ಕ ಗೂಡುಗಳನ್ನು ಕೊರೆದು, ಅವುಗಳಲ್ಲಿ ಚೀನೀ ಪಿಂಗಾಣಿ, ಗಾಜಿನ ಶೀಸೆಗಳನ್ನಿಡುವ ಪದ್ಧತಿಯಿತ್ತು. ಅದಕ್ಕೆ ಚೀನೀಖಾನಾ ಎಂದು ಹೆಸರು. ಪರದೇಶದ ಪಾತ್ರೆಯನ್ನು ಉಪಯೋಗಕ್ಕಲ್ಲದೆ ನೋಟಕ್ಕಾಗಿ ಕೂಡಿಡುವ ಹವ್ಯಾಸ ಇಲ್ಲಿಂದ ಬೇರೂರಿತೆನ್ನಬಹುದು. ಆಸಾರ ಮಹಲಿನಲ್ಲಿದ್ದ ಪಿಂಗಾಣಿ, ರತ್ನಗಂಬಳಿಗಳು ಮುಂದೆ ಗೋಲಗುಮ್ಮಟದ ನಗಾರಖಾನೆಯ ವಸ್ತುಸಂಗ್ರಹಾಲಯವನ್ನು ಸೇರಿದವು.

ಹತ್ತೊಂಬತ್ತನೆಯ ಶತಮಾನದಲ್ಲಿ ಕಥೆಯ ಸೂತ್ರ ಬೊಹೆಮಿಯಾದ ಕೈಗೆ ಹೋಯಿತು. ಇಂದಿನ ಚೆಕ್ ದೇಶದ ಈ ಭಾಗದಲ್ಲಿ ಉಸುಕು, ಕಾಡುಕಟ್ಟಿಗೆ, ಹರಿಯುವ ನೀರು ಮೂರೂ ಸಮೃದ್ಧ. ಜರ್ಮನಿಯಲ್ಲಿ ಯೋಹಾನ್ ಕುಂಕೆಲ್ ಎಂಬವನು ಹದಿನೇಳನೆಯ ಶತಮಾನದಲ್ಲಿಯೇ ಬಂಗಾರದಿಂದ ಕೆಂಪು ಗಾಜು ಮಾಡಿದ್ದನು. ಆದರೆ ಅದು ದುಬಾರಿ. ಬೊಹೆಮಿಯಾದ ಫ್ರೀಡ್ರಿಶ್ ಎಗರ್ಮನ್ನನು ೧೮೩೨ ರ ಸುಮಾರಿಗೆ ಬಿಳಿ ಗಾಜಿನ ಮೈಗೆ ತೆಳುವಾದ ಕೆಂಪು ಲೇಪವನ್ನು ಸುಟ್ಟು ಹಿಡಿಸುವ ಅಗ್ಗದ ಉಪಾಯವನ್ನು ಕಂಡುಹಿಡಿದನು. ಲೇಪವನ್ನು ಚಕ್ರದಿಂದ ಕೊರೆದರೆ ಕೆಂಪಿನ ನಡುವೆ ಬಿಳಿಯ ಜಿಂಕೆ, ಮರ, ಅರಮನೆಗಳು ಮೂಡುತ್ತವೆ. ಯೋಸೆಫ್ ರೀಡೆಲ್ಲನು ಅದೇ ದಶಕದಲ್ಲಿ ಯುರೇನಿಯಮ್ ಬೆರೆಸಿ ಹೊಳೆಯುವ ಹಳದಿಹಸಿರು ಗಾಜು ಮಾಡಿ ಅದಕ್ಕೆ ತನ್ನ ಹೆಂಡತಿ ಆನ್ನಾಳ ಹೆಸರಿಟ್ಟನು. ಇಂಥ ಬಣ್ಣದ ಗಾಜುಗಳೂ ಇಂಗ್ಲಂಡದ ಆಸ್ಲರ್ ಕಂಪನಿಯ ದೀಪಗುಚ್ಛಗಳೂ ಹಡಗಿನಲ್ಲಿ ಬಂದು ಭಾರತದ ಸಂಸ್ಥಾನಿಕರ ಅರಮನೆಗಳನ್ನು ತುಂಬಿದವು. ೧೮೯೭ ರ ಬೆಂಕಿಯ ನಂತರ ೧೯೧೨ ಕ್ಕೆ ಮುಗಿದ ಮೈಸೂರು ಅರಮನೆಯ ಕಲ್ಯಾಣಮಂಟಪದ ನವಿಲುಚಿತ್ರದ ಬಣ್ಣಗಾಜಿನ ಚಾವಣಿ ಗ್ಲಾಸ್ಗೋ ನಗರದಿಂದ ಬಂದದ್ದು.

ಆದರೆ ಬೊಹೆಮಿಯಾದಿಂದ ಬಂದದ್ದು ಹೂದಾನಿ ಒಂದೇ ಅಲ್ಲ. ಈ ಸಂಗತಿಯನ್ನು ವಿದ್ಯಾರ್ಥಿಗಳು ಮನದಟ್ಟು ಮಾಡಿಕೊಳ್ಳಬೇಕು. ಅಲ್ಲಿಯ ಗಾಬ್ಲೊಂಜ್ ಎಂಬ ಊರು ಅಂದಿನ ದಿನಗಳಲ್ಲಿ ಗಾಜಿನ ಮಣಿ, ಗುಂಡಿಗಳಿಗೆ ಹೆಸರುವಾಸಿ. ಇಂದು ಅದಕ್ಕೆ ಯಾಬ್ಲೊನೆಕ್ ಎನ್ನುತ್ತಾರೆ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅಲ್ಲಿಯ ವ್ಯಾಪಾರಿಗಳು ಭಾರತೀಯ ಸ್ತ್ರೀಯರ ರುಚಿಯನ್ನು ಅರಿತು ಬಳೆಗಳನ್ನು ಮಾಡಿಸಿ ರಾಶಿಗಟ್ಟಲೆ ಇಲ್ಲಿಗೆ ಕಳಿಸತೊಡಗಿದರು. ಸುಯೆಜ್ ಕಾಲುವೆ ೧೮೬೯ ರಲ್ಲಿ ತೆರೆಯಿತು. ಮುಂಬಯಿಯಿಂದ ಸೊಲ್ಲಾಪುರದ ಮೇಲೆ ಹಾದ ರೈಲುದಾರಿ ೧೮೭೧ ರಲ್ಲಿ ರಾಯಚೂರನ್ನು ಮುಟ್ಟಿತು. ೧೮೮೪ ರ ಸುಮಾರಿಗೆ ಹೋಟಗಿಯಿಂದ ಬಿಜಾಪುರ, ಬಾಗಲಕೋಟೆಗಳ ಮೇಲೆ ಗದಗಕ್ಕೆ ಮೀಟರ್‌ಗೇಜಿನ ದಾರಿಯಾಯಿತು. ದೊಡ್ಡ ಗೇಜಿನ ಡಬ್ಬಿಯಿಂದ ಸಣ್ಣ ಗೇಜಿನ ಡಬ್ಬಿಗೆ ಸರಕನ್ನು ಇಳಿಸಿ ಏರಿಸುವ ಸಂಧಿಸ್ಥಾನವೇ ಆಗ ಹೋಟಗಿಯಾಗಿತ್ತು. ಮುಂಬಯಿ ಬಂದರದಿಂದ ಈ ಮಾರ್ಗವಾಗಿ ಒಳನಾಡಿಗೆ ಹೊರಟ ಪರದೇಶೀ ಸರಕು ಇಲ್ಲಿಯ ಹಮಾಲರ ಹೆಗಲನ್ನು ಮುಟ್ಟದೆ ಮುಂದೆ ಹೋಗುವಂತಿರಲಿಲ್ಲ.

ಪರಿಣಾಮ ಊಹಿಸತಕ್ಕದ್ದೇ. ಯಂತ್ರದ ನುಣುಪಿನ, ಹಗುರವಾದ, ಅಗ್ಗದ ಬಳೆಯ ಮುಂದೆ ಹಳ್ಳಿಯ ಕುಲುಮೆಯ ದಪ್ಪ ಬಳೆ ನಿಲ್ಲಲಿಲ್ಲ. ಬಳೆಗಾರನು ಉಳಿದನು, ಊರೂರು ತಿರುಗಿದನು, ಹೆಣ್ಣುಮಕ್ಕಳು ಅವನನ್ನು ತವರಿನ ಬಂಧುವೆಂದೇ ಕರೆದರು. ಆದರೆ ಅವನ ಮಲಾರದಲ್ಲಿದ್ದ ಬಳೆ ಆಸ್ಟ್ರಿಯಾದ್ದಾಯಿತು. ಅರಮನೆಗೆ ಹೂದಾನಿಯನ್ನೂ ಗುಡಿಸಲಿಗೆ ಬಳೆಯನ್ನೂ ಒಂದೇ ನಾಡು ಒದಗಿಸಿತು. ಮೊದಲನೆಯದನ್ನು ನಮ್ಮ ಸಂಗ್ರಹಾಲಯಗಳು ಕಾಪಾಡಿವೆ. ಎರಡನೆಯದು ಕೆಡಿಸಿದ ಕಸಬನ್ನು ಕಾಪಾಡಿದವರಿಲ್ಲ.

ಸ್ವದೇಶೀ ಚಳವಳಿಯ ಕಾಲಕ್ಕೆ ಈ ನೋವು ಕೆಲವರಿಗಾದರೂ ತಟ್ಟಿತು. ಅಂತಾಜಿ ದಾಮೋದರ ಕಾಳೆಯವರು ಜನರಿಂದ ತಲೆಗೊಂದು ಪೈಸೆಯಂತೆ ಕೂಡಿಸಿದ ಪೈಸಾ ಫಂಡಿನಿಂದ ಪುಣೆಯ ಹತ್ತಿರದ ತಳೇಗಾವದಲ್ಲಿ ೧೯೦೮ ರಲ್ಲಿ ಗಾಜಿನ ಕಾರ್ಖಾನೆಯೂ ಶಾಲೆಯೂ ಹುಟ್ಟಿದವು. ಲೋಕಮಾನ್ಯ ತಿಲಕರ ಬೆಂಬಲ ಅದಕ್ಕಿತ್ತು. ೧೯೧೬ ರಲ್ಲಿ ಕರಾಡದ ಬಳಿ ಓಗಲೆ ಬಂಧುಗಳ ಕಾರ್ಖಾನೆ ಪ್ರಾರಂಭವಾಯಿತು. ಅವರ ಪ್ರಭಾಕರ ಕಂದೀಲು ಮನೆ ಮನೆಯ ಮಾತಾಯಿತು. ಮೊದಲನೆಯ ಮಹಾಯುದ್ಧದಿಂದ ಆಸ್ಟ್ರಿಯಾದ ಸರಕು ನಿಂತಾಗ ಜಪಾನದ ಬಳೆಗಳು ನುಗ್ಗಿದವು. ಕ್ರಮೇಣ ಉತ್ತರಪ್ರದೇಶದ ಫಿರೋಜಾಬಾದವು ಬಳೆಯ ರಾಜಧಾನಿಯಾಯಿತು. ಹೀಗೆ ಬಳೆ ಮತ್ತೆ ಸ್ವದೇಶಕ್ಕೆ ಬಂದಿತು, ಆದರೆ ಮತ್ತೋಡಿಗೆ ಮರಳಿ ಬರಲಿಲ್ಲ.

ಇತ್ತ ಯುರೋಪಿನಲ್ಲಿ ಯಂತ್ರದ ಏಕರೂಪಕ್ಕೆ ಬೇಸತ್ತ ಕಲಾವಿದರು ಗಾಜನ್ನು ಹೊಸ ದೃಷ್ಟಿಯಿಂದ ಕಂಡರು. ಫ್ರಾನ್ಸಿನ ನಾನ್ಸಿ ನಗರದ ಎಮಿಲ್ ಗಾಲೆ (೧೮೪೬-೧೯೦೪) ಸಸ್ಯಶಾಸ್ತ್ರವನ್ನು ಆಳವಾಗಿ ಬಲ್ಲವನು. ಬಣ್ಣದ ಮೇಲೆ ಬಣ್ಣದ ಪದರುಗಳನ್ನು ಕೂಡಿಸಿ, ಪೋರ್ಟಲ್ಯಾಂಡ್ ಹೂದಾನಿಯ ಹಳೆಯ ರೀತಿಯಲ್ಲಿ ಕೊರೆದು, ತನ್ನ ನಾಡಿನ ಕಾಡುಹೂ, ತೂನೀಗ, ಪತಂಗಗಳನ್ನು ಅವನು ಹೂದಾನಿಯ ಮೈಮೇಲೆ ಅರಳಿಸಿದನು. ಅಮೇರಿಕೆಯ ಲೂಯಿ ಕಂಫರ್ಟ್ ಟಿಫನಿ (೧೮೪೮-೧೯೩೩) ಮತ್ತು ಬೊಹೆಮಿಯಾದ ಲೋಟ್ಜ್ ಕಾರ್ಖಾನೆಯವರು ನವಿಲುಗರಿಯಂತೆ ಬಣ್ಣ ಬದಲಿಸುವ ಗಾಜನ್ನು ಮಾಡಿದರು. ಅವರಿಗೆ ಸ್ಫೂರ್ತಿ ಎಲ್ಲಿಯದು? ಶತಮಾನಗಟ್ಟಲೆ ಮಣ್ಣಿನಲ್ಲಿ ಹುಗಿದಿದ್ದ ಪ್ರಾಚೀನ ಗಾಜಿನದು. ಮಣ್ಣಿನ ತೇವವು ಗಾಜಿನ ಮೈಯನ್ನು ತಿಂದು ಅಭ್ರಕದಂಥ ತೆಳು ಪೊರೆಗಳನ್ನಾಗಿ ಮಾಡುತ್ತದೆ. ಆ ಪೊರೆಗಳ ಮೇಲೆ ಬಿದ್ದ ಬೆಳಕು ಕಾಮನಬಿಲ್ಲಾಗುತ್ತದೆ. ಈ ಬಣ್ಣಗಳ ರಹಸ್ಯವನ್ನು ಬೆಂಗಳೂರಿನಲ್ಲಿ ಸರ್ ಸಿ. ವಿ. ರಾಮನ್ನರು ವಿ. ಎಸ್. ರಾಜಗೋಪಾಲನ್ನರೊಡನೆ ಪರಿಶೀಲಿಸಿ ೧೯೪೦ ರಲ್ಲಿ ಪ್ರಬಂಧವನ್ನು ಪ್ರಕಟಿಸಿದರು. ತಿಪ್ಪೆಯ ಚೂರಿನಲ್ಲಿ ಮಹಾವಿಜ್ಞಾನಿಗೂ ಕೆಲಸವಿರುತ್ತದೆ ಎಂಬುದನ್ನು ಇದರಿಂದ ಕಲಿಯಬಹುದು.

ಇಂಥ ಪರದೇಶೀ ಗಾಜನ್ನು ಕಣ್ಣಾರೆ ಕಾಣಬೇಕೆಂಬ ನಮ್ಮ ಕಡೆಯವರು ದೂರ ಹೋಗಬೇಕಾಗಿಲ್ಲ. ಕಲಬುರ್ಗಿ, ವಾಡಿಗಳ ಮೇಲೆ ಹೈದರಾಬಾದಕ್ಕೆ ಹೋಗಿ ಸಾಲಾರಜಂಗ ವಸ್ತುಸಂಗ್ರಹಾಲಯವನ್ನು ನೋಡಬೇಕು. ನಿಜಾಮರ ದಿವಾನರ ಮನೆತನದ ಮೂರನೆಯ ಸಾಲಾರಜಂಗ, ಮೀರ್ ಯೂಸುಫ್ ಅಲೀಖಾನರು (೧೮೮೯-೧೯೪೯), ಜೀವಮಾನವಿಡೀ ಕೂಡಿಸಿದ ವಸ್ತುಗಳು ಅಲ್ಲಿವೆ. ವೆನಿಸ್, ಬೊಹೆಮಿಯಾ, ಫ್ರಾನ್ಸ್, ಇಂಗ್ಲಂಡ, ಐರ್ಲಂಡಗಳ ಗಾಜಿಗೆ ಅಲ್ಲಿ ವಿಶೇಷ ಸ್ಥಾನವಿದೆ. ೧೯೫೧ ರ ಡಿಸೆಂಬರದಲ್ಲಿ ಪಂಡಿತ ನೆಹರೂ ಅವರು ಅದನ್ನು ಸಾರ್ವಜನಿಕರಿಗೆ ತೆರೆದರು. ೧೯೬೧ ರಲ್ಲಿ ಸಂಸತ್ತು ಅದನ್ನು ರಾಷ್ಟ್ರೀಯ ಮಹತ್ವದ ಸಂಸ್ಥೆಯೆಂದು ಸಾರಿತು. ೧೯೬೮ ರಲ್ಲಿ ಅದು ಮೂಸೀ ನದಿಯ ದಂಡೆಯ ಈಗಿನ ಕಟ್ಟಡಕ್ಕೆ ಬಂದಿತು. ಈ ಮನೆತನದ ಪೂರ್ವಜರು ಆದಿಲಶಾಹಿಯ ಕಾಲಕ್ಕೆ ಬಿಜಾಪುರದಲ್ಲಿ ನೆಲೆಸಿದ್ದವರೆಂಬುದು ನಮಗೆ ಇನ್ನಷ್ಟು ಕುತೂಹಲದ ಸಂಗತಿ.

ಸಾಲಾರಜಂಗರಿಗೆ ಅಪಾರ ಐಶ್ವರ್ಯವಿತ್ತು. ಐಶ್ವರ್ಯವಿಲ್ಲದೆ ಸಂಗ್ರಾಹಕನಾಗುವುದು ಸಾಧ್ಯವೇ? ಸಾಧ್ಯವೆಂದು ತೋರಿಸಿದವರು ತೇರದ ರಾಮಲಿಂಗಪ್ಪ ಲಾಮತುರೆಯವರು. ತಮ್ಮ ಊರಿನ ದಿಬ್ಬಗಳಲ್ಲಿ ದೊರೆಯುತ್ತಿದ್ದ ಮಣಿ, ನಾಣ್ಯ, ಮಣ್ಣಿನ ಬೊಂಬೆ, ದಂತದ ಚೂರುಗಳನ್ನು ಅವರು ವರ್ಷಾನುವರ್ಷ ಕೂಡಿಸಿಟ್ಟರು. ಆ ಸಂಗ್ರಹವನ್ನು ನೋಡಲು ಪರದೇಶದ ವಿದ್ವಾಂಸರೂ ತೇರಕ್ಕೆ ಬಂದರು. ಇಂದು ಆ ವಸ್ತುಗಳು ಅದೇ ಊರಿನಲ್ಲಿ, ಅವರದೇ ಹೆಸರಿನ ಸರಕಾರೀ ವಸ್ತುಸಂಗ್ರಹಾಲಯದಲ್ಲಿವೆ. ಅವರು ವಸ್ತುವನ್ನು ಊರಿನಿಂದ ಬೇರ್ಪಡಿಸಲಿಲ್ಲ; ಇದೇ ಅವರ ಸಂಗ್ರಹದ ಹಿರಿಮೆ. ಹರಾಜಿನಲ್ಲಿ ಕೊಂಡ ಹೂದಾನಿಗೆ ಬೆಲೆಯಿರುತ್ತದೆ; ಎಲ್ಲಿ, ಯಾವ ಮಣ್ಣಿನಲ್ಲಿ, ಯಾವುದರ ಜೊತೆಗೆ ದೊರೆಯಿತೆಂಬುದು ತಿಳಿದಿರುವ ಮಣಿಗೆ ಚರಿತ್ರೆಯಿರುತ್ತದೆ.

ಹಳೆಯ ಗಾಜನ್ನು ಪರೀಕ್ಷಿಸುವ ಬಗೆಯನ್ನೂ ಸಂಕ್ಷೇಪವಾಗಿ ಹೇಳುವೆನು. ಊದಿದ ಪಾತ್ರೆಯನ್ನು ಮುಗಿಸುವಾಗ ಅದರ ಬುಡಕ್ಕೆ ಕಬ್ಬಿಣದ ಸರಳನ್ನು ಅಂಟಿಸಿ ಹಿಡಿಯುತ್ತಾರೆ. ಸರಳನ್ನು ಮುರಿದಾಗ ಅಲ್ಲೊಂದು ಒರಟು ಗಾಯ ಉಳಿಯುತ್ತದೆ, ಅಥವಾ ಅದನ್ನು ಉಜ್ಜಿ ನುಣುಪು ಮಾಡಿದ ತಗ್ಗು ಕಾಣುತ್ತದೆ. ಅಚ್ಚಿನಲ್ಲಿ ಒತ್ತಿದ ಪಾತ್ರೆಗೆ ಮೈಮೇಲೆ ಉದ್ದನೆಯ ಹೊಲಿಗೆಯಂಥ ಗೆರೆಯಿರುತ್ತದೆ. ನಿಜವಾಗಿ ಹಳೆಯದಾದರೆ ಬುಡದ ಅಂಚಿನಲ್ಲಿ ಸಣ್ಣ ಗೀರುಗಳು ಅಡ್ಡಾದಿಡ್ಡಿಯಾಗಿ ಬಿದ್ದಿರುತ್ತವೆ. ಒಂದೇ ದಿಕ್ಕಿಗೆ ಸಮನಾಗಿದ್ದರೆ ಉಸುಕಿನ ಕಾಗದದಿಂದ ತಿಕ್ಕಿದ್ದಾರೆಂದು ಸಂಶಯಪಡಬೇಕು. ಬುಡದಲ್ಲಿ ಚೆಕೊಸ್ಲೊವಾಕಿಯಾ ಎಂಬ ಮುದ್ರೆಯಿದ್ದರೆ ಅದು ೧೯೧೮ ಕ್ಕಿಂತ ಹಿಂದಿನದಾಗುವುದು ಅಸಾಧ್ಯ. ಆ ರಾಜ್ಯ ಹುಟ್ಟಿದ್ದೇ ಆಗ. ಗಾಲೆಯ ಹೆಸರಿನೊಡನೆ ಚಿಕ್ಕ ನಕ್ಷತ್ರವಿದ್ದರೆ ಅದು ೧೯೦೪ ರಲ್ಲಿ ಅವನು ತೀರಿಕೊಂಡ ಮೇಲೆ ಅವನ ಕಾರ್ಖಾನೆಯಲ್ಲಿ ಆದದ್ದು. ಆದರೆ ಅಂಕಿತವನ್ನು ಮಾತ್ರ ನಂಬಬಾರದು. ಹೆಸರನ್ನು ಕೊರೆಯುವುದು ಸುಲಭ, ಮೂರು ಬಣ್ಣದ ಪದರುಗಳನ್ನು ಕೂಡಿಸುವುದು ಕಠಿಣ. ಮೊದಲು ಕೆಲಸವನ್ನು ನೋಡಬೇಕು, ಆ ಮೇಲೆ ಹೆಸರನ್ನು.

ಕಾಯದೆಯ ಮಾತೂ ಅವಶ್ಯ. ೧೮೭೮ ರ ನಿಧಿ ಕಾಯದೆಯ ಪ್ರಕಾರ ನೆಲದಲ್ಲಿ ಅಡಗಿದ್ದ ಹತ್ತು ರೂಪಾಯಿಗೆ ಮೀರಿದ ಬೆಲೆಯ ವಸ್ತು ದೊರೆತರೆ ಕಲೆಕ್ಟರರಿಗೆ ತಿಳಿಸಬೇಕು. ೧೯೭೨ ರ ಪುರಾವಸ್ತು ಕಾಯದೆಯು ನೂರು ವರ್ಷಕ್ಕೆ ಕಡಿಮೆಯಲ್ಲದ ಕಲಾವಸ್ತುವನ್ನು ಪುರಾವಸ್ತುವೆಂದು ಎಣಿಸುತ್ತದೆ. ಖಾಸಗಿಯವರು ಅದನ್ನು ಪರದೇಶಕ್ಕೆ ಸಾಗಿಸುವುದು ಅಪರಾಧ, ಪರವಾನಿಗೆಯಿಲ್ಲದೆ ಅದರ ವ್ಯಾಪಾರ ಮಾಡುವುದೂ ಅಪರಾಧ. ಹುಡುಗರು ಆಸೆಯಿಂದ ದಿಬ್ಬಗಳನ್ನು ಅಗೆಯಬಾರದು. ಅಗೆದು ಕಿತ್ತ ವಸ್ತು ಪುಟದಿಂದ ಹರಿದ ಅಕ್ಷರದಂತೆ. ಅದರಿಂದ ಯಾವ ಮಾತೂ ಓದಲು ಬರುವುದಿಲ್ಲ.

ಹಾಗಾದರೆ ಶಾಲೆಯವರು ಮಾಡತಕ್ಕದ್ದೇನು? ನೇಗಿಲಿಗೆ ಸಿಕ್ಕ, ಮಳೆಗೆ ತೊಳೆದು ಮೇಲೆ ಬಂದ ಮಣಿ, ಬಳೆಚೂರುಗಳು ಕಣ್ಣಿಗೆ ಬಿದ್ದಲ್ಲಿ 'ಈ ಊರು, ಈ ಹೊಲ, ಈ ದಿನ' ಎಂದು ಬರೆದು ಗುರುಗಳಿಗೆ ತಿಳಿಸಬಹುದು. ಗುರುಗಳು ಪುರಾತತ್ವ ಇಲಾಖೆಗೆ ಕಾಗದ ಬರೆಯಬಹುದು. ಮನೆಯ ಹಿರಿಯ ಹೆಂಗಸರನ್ನು ಕೇಳಿ ಬಳೆಗಳ ಹಳೆಯ ಹೆಸರುಗಳನ್ನೂ ಯಾವ ಸಂದರ್ಭಕ್ಕೆ ಯಾವ ಬಣ್ಣವೆಂಬುದನ್ನೂ ಬರೆದಿಡಬಹುದು. ಹೂದಾನಿಯ ಚರಿತ್ರೆಯನ್ನು ಬರೆಯಲು ಪ್ಯಾರಿಸು, ಲಂಡನ್ನುಗಳಲ್ಲಿ ಪಂಡಿತರು ಬೇಕಾದಷ್ಟಿದ್ದಾರೆ. ಸೊಲ್ಲಾಪುರ, ಅಕ್ಕಲಕೋಟೆಗಳ ಕನ್ನಡ ಮನೆಗಳಲ್ಲಿ ಬಳೆಯನ್ನು ಏನೆಂದು ಕರೆಯುತ್ತಿದ್ದರೆಂಬುದನ್ನು ನಮ್ಮ ಹೊರತು ಬರೆಯುವವರು ಯಾರೂ ಇಲ್ಲ. ಹೇಳಬಲ್ಲ ಅಜ್ಜಿಯರು ವರ್ಷ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಈ ಕೆಲಸಕ್ಕೆ ಹಣ ಬೇಡ. ಒಂದು ನೋಟುಬುಕ್ಕು, ಒಂದು ಪೆನ್ಸಿಲು ಸಾಕು.